ಹಂಚುವವನ ಗದ್ದೆ

"ಕೇಳ್ರಪ್ಪೋ ಕೇಳಿ! ಮಳೆಗೆ ಹಿರಿಕೆರೆ ತುಂಬಿದೆ. ಬರುವ ಸೋಮವಾರ ತೆಂಕಣ ಏರಿ ಕಡಿದು ನೀರನ್ನು ತಗ್ಗಿನಕೇರಿಯ ಮೇಲೆ ಬಿಡಲಾಗುವುದು. ನಲವತ್ತು ಮನೆ ಹೋದರೆ ರಾಜಧಾನಿಯ ನಾಲ್ಕು ಸಾವಿರ ಮನೆ ಉಳಿಯುವುದು. ಹೆಚ್ಚು ಜನರ ಹೆಚ್ಚು ಸುಖವೇ ಧರ್ಮವೆಂದು ಸುಖಪಾಲ ಮಹಾರಾಜರ ಅಪ್ಪಣೆ! ಈ ಲೆಕ್ಕ ತಪ್ಪೆನ್ನುವವರು ಬಂದು, ಕೆರೆ ಕಟ್ಟಿಸಿದ ಹಿರಿಯರಸರ ಮೂರು ಒಗಟು ಬಿಡಿಸಲಿ. ಬಿಡಿಸಿದವರು ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆ ಉಳಿಯದು!"

ತಗ್ಗಿನಕೇರಿಯಲ್ಲಿ ಇದನ್ನು ಸಾರುವಾಗ ಡಂಗುರದವನು ದನಿ ತಗ್ಗಿಸಿದ. ಅವನಿಗೆ ಅಷ್ಟಾದರೂ ನಾಚಿಕೆಯಿತ್ತು, ಅರಮನೆಗೆ ಅದೂ ಇರಲಿಲ್ಲ.

ಏರಿ ಕಡಿಯಬೇಕಾದವನು ನೀರುಗಂಟಿ ಮುದ್ದ. ಕೆರೆಯ ತೂಬು ತೆಗೆದು ಗದ್ದೆ ಗದ್ದೆಗೆ ನೀರು ಹಾಯಿಸುವುದು ಅವನ ಮನೆತನದ ಕೆಲಸ, ತಗ್ಗಿನಕೇರಿಯೇ ಅವನ ಮನೆ. ಮೂರು ಮಳೆಗಾಲದ ಹಿಂದೆ ಹೀಗೇ ಏರಿ ಕಡಿದಾಗ ಅವನ ತಂಗಿ ಪುಟ್ಟೀರಿ ನೀರು ಪಾಲಾದಳು. ಅಂದು ಕಡಿದವನು ಅವಳ ಹೆತ್ತಪ್ಪನೇ. ಆಮೇಲೆ ಆ ಮುದುಕ ಗುದ್ದಲಿ ಮುಟ್ಟಲಿಲ್ಲ, ಆರು ತಿಂಗಳಲ್ಲಿ ಕಣ್ಣು ಮುಚ್ಚಿದ.

ಹಿಂದೆ ಕೆರೆಗೊಂದು ಕೋಡಿ ಇತ್ತು. ಹೆಚ್ಚಾದ ನೀರು ಯಾರಿಗೂ ತೊಂದರೆ ಕೊಡದೆ ಅದರಲ್ಲಿ ಹರಿದು ಹಳ್ಳ ಸೇರುತ್ತಿತ್ತು. ಮಹಾರಾಜರಿಗೆ ಹೂದೋಟ ಬೇಕೆನಿಸಿತು, ಕೋಡಿಗೆ ಅಡ್ಡವಾಗಿ ಗೋಡೆ ಎದ್ದಿತು. ಯಾರಪ್ಪನ ಗಂಟು ಹೋಗಬೇಕು! ಆ ಗೋಡೆಯ ಮಾತನ್ನು ಮಾತ್ರ ಯಾರೂ ಎತ್ತುವಂತಿರಲಿಲ್ಲ.

"ಬ್ಯಾಡ ಕಣೋ ಮಗ, ಇರೋನು ನೀನೊಬ್ಬ" ಎಂದು ತಾಯಿ ಕೈ ಹಿಡಿದಳು.

"ನಾನೇ ಏರಿ ಕಡುದ್ರೆ ಇದ್ದೂ ಸತ್ತಂಗೆ ಕಣವ್ವ" ಎಂದು ಮುದ್ದ ಗುದ್ದಲಿ ಹೆಗಲಿಗೇರಿಸಿ ಅರಮನೆಯತ್ತ ನಡೆದ.

ಸಭೆಯಲ್ಲಿ ಅವನಿಗಿಂತ ಮೊದಲು ಇಬ್ಬರು ನಿಂತಿದ್ದರು. ಶೇಷಾವಧಾನಿಗಳಿಗೆ ಅಗ್ರಹಾರ ಬೇಕಿತ್ತು, ಜವಳಿಯ ಮಾದಿಸೆಟ್ಟಿಗೆ ಸುಂಕ ಮಾಫಿ ಆಗಬೇಕಿತ್ತು. ತಗ್ಗಿನಕೇರಿ ಯಾವ ದಿಕ್ಕಿಗಿದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಹಿರಿಯರಸರ ಉತ್ತರಗಳು ಅರಗಿನ ಮುದ್ರೆ ಹಾಕಿದ ಮೂರು ಓಲೆಗರಿಗಳಲ್ಲಿದ್ದವು. ಉತ್ತರ ಹೇಳಿದ ಮೇಲೇ ಕರಣಿಕ ಅವನ್ನು ಒಡೆಯಬೇಕು. ಮಹಾರಾಜರೂ ಅವನ್ನು ಓದಿರಲಿಲ್ಲ. ತಮ್ಮ ಹಿರಿಯರು ತಮ್ಮಂತೆಯೇ ಯೋಚಿಸಿದ್ದರೆಂಬ ಭರವಸೆ ಅವರಿಗೆ ಸಾಕಾಗಿತ್ತು.

"ಊರೆಲ್ಲ ಹಂಚಿಕೊಂಡರೂ ಸಾಸಿವೆಯಷ್ಟೂ ಕಡಿಮೆಯಾಗದು. ಏನದು?" ಎಂದರು ಮಹಾರಾಜರು.

"ವಿದ್ಯೆ, ಪ್ರಭೂ" ಎಂದರು ಅವಧಾನಿಗಳು, ಇಷ್ಟೇ ತಾನೆ ಎಂಬಂತೆ.

"ದೀಪ, ಮಹಾಸ್ವಾಮಿ" ಎಂದ ಸೆಟ್ಟಿ.

ಕರಣಿಕ ಮೊದಲ ಗರಿ ಒಡೆದು ನೋಡಿ ತಲೆಯಾಡಿಸಿದ. ಭಟರು ಇಬ್ಬರ ರಟ್ಟೆಯನ್ನೂ ಹಿಡಿದರು. ಮುದ್ದ ಮುಂದೆ ಬಂದ. ಅವನ ಎದೆಯೊಳಗಿನ ಸಿಟ್ಟು ಮೂರು ವರ್ಷದ್ದು.

"ಮಗು ಸತ್ತ ತಾಯಿ ಸಂಕಟ, ಬುದ್ಧಿ. ನನ್ ತಂಗಿ ಹೋದಾಗ ಇಡೀ ಕೇರಿ ಅತ್ತಿತು. ನಮ್ಮವ್ವನ ಪಾಲು ಕಮ್ಮಿ ಆಗ್ಲಿಲ್ಲ. ನಾಕು ಸಾವಿರ ಮನೆ ನಗೂನ ನೀವು ರಾಶಿ ಹಾಕ್ತೀರಿ. ಆ ರಾಶೀಲಿ ಒಂದು ಹಿಡಿನೂ ನಮ್ಮವ್ವನ ಮಡಿಲಿಗೆ ಬೀಳಲ್ಲ."

"ಸರಿ ಇದೆ" ಎಂದ ಕರಣಿಕ, ಮೆಲ್ಲಗೆ.

ಮಹಾರಾಜರ ಮುಖ ಸ್ವಲ್ಪ ಬಿಗಿಯಿತು. "ಆನೆಯನ್ನೂ ತೂಗುವ ತಕ್ಕಡಿ. ಆದರೂ ಒಂದು ಮಾತ್ರ ಎಂದೂ ಅದರ ತಟ್ಟೆಗೆ ಬೀಳದು. ಏನದು?"

ಮುದ್ದ ಮಹಾರಾಜರ ಉಂಗುರದ ಬೆರಳುಗಳನ್ನೇ ನೋಡಿದ.

"ತಕ್ಕಡಿ ಹಿಡಿದ ಕೈ, ಬುದ್ಧಿ. ನಲವತ್ತು ಮನೆ ತಟ್ಟೇಲೈತೆ, ನಾಕು ಸಾವಿರ ಮನೇನೂ ತಟ್ಟೇಲೈತೆ. ನಿಮ್ಮ ಹೂದೋಟದ ಗೋಡೆ ಎಲ್ಲೈತೆ? ಅದನ್ನ ತೂಗಿದೋರು ಯಾರು?"

"ಉತ್ತರ ಕೇಳಿದರೆ ಉಪದೇಶ ಮಾಡುತ್ತೀಯೇನೋ!" ಎಂದು ಮಹಾರಾಜರು ಗುಡುಗಿದರು. ಆದರೆ ಎರಡನೆಯ ಗರಿಯಲ್ಲಿ ಇದ್ದದ್ದೂ ಅದೇ ಉತ್ತರ.

"ನೂರು ಗದ್ದೆಗೆ ಒಂದೇ ಕಾಲುವೆ. ಯಾವ ಗದ್ದೆ ನೆನೆದರೆ ಕೆರೆಯ ನ್ಯಾಯ ಸರಿಯಾಗಿದೆ ಎನ್ನಬೇಕು?" ಎಂದು ಮಹಾರಾಜರು ಮೂರನೆಯದನ್ನು ಕೇಳಿದರು.

"ನೀರುಗಂಟಿ ಗದ್ದೆ."

ಸಭೆ ಗೊಳ್ಳೆಂದು ನಕ್ಕಿತು. ನೀರುಗಂಟಿಯ ಗದ್ದೆ ಕಾಲುವೆಯ ಕಟ್ಟಕಡೆಯಲ್ಲಿರುತ್ತದೆ. ಕೀಳು ಕೆಲಸದವನಿಗೆ ಉಳಿದ ತುಂಡು ಎಸೆದಿದ್ದಾರೆಂದೇ ಅರಮನೆಯವರು ತಲೆಮಾರಿನಿಂದ ತಿಳಿದಿದ್ದರು.

"ನಗಬ್ಯಾಡಿ" ಎಂದ ಮುದ್ದ. ಅವನ ದನಿ ಈಗ ಏರಿತ್ತು. "ನಮಗೆ ತುದೀಲಿ ಗದ್ದೆ ಕೊಟ್ಟಿದ್ದು ಕೀಳು ಅಂತಲ್ಲ. ನೀರು ಹಂಚೋನ ಪೈರು ಮೊದಲು ನೆನೆದ್ರೆ, ಆಮ್ಯಾಲೆ ಅವನು ಮಲಗಿಬಿಡ್ತಾನೆ. ತುದೀಲಿದ್ರೆ ಎಲ್ಲಾರ್ಗೂ ನೀರು ಮುಟ್ಟೋಗಂಟ ಅವನಿಗೆ ನಿದ್ದೆ ಬರಲ್ಲ."

ಕರಣಿಕ ಕೊನೆಯ ಗರಿಯನ್ನು ಗಟ್ಟಿಯಾಗಿ ಓದಿದ: "ಹಂಚುವವನ ಗದ್ದೆ. ಅದು ಕೊನೆಯಲ್ಲೇ ಇರಲಿ." ಆಮೇಲೆ ಯಾರೂ ನಗಲಿಲ್ಲ.

"ಏನು ಬೇಕೋ ಕೇಳು" ಎಂದರು ಮಹಾರಾಜರು. "ಚಿನ್ನವೋ, ಊರೋ?"

"ನೀವು ಸೋಮವಾರದಗಂಟ ನಮ್ಮ ಗುಡಿಸಲಲ್ಲಿರಬೇಕು. ಈ ಇಬ್ಬರೂ ತಲೆ ಸಮೇತ ಜತೇಲಿರಲಿ. ಸೋಮವಾರ ಅಲ್ಲಿ ಕೂತೇ ಅಪ್ಪಣೆ ಕೊಡಿ. ನಾನೇ ಏರಿ ಕಡೀತೀನಿ."

ಡಂಗುರ ಹೊಡೆಸಿ ಕೊಟ್ಟ ಮಾತು, ನುಂಗುವಂತಿರಲಿಲ್ಲ. ಮಹಾರಾಜರು ತಗ್ಗಿನಕೇರಿಗೆ ಬಂದರು. ಮುದ್ದನ ತಾಯಿ ಅವರಿಗೆ ಪುಟ್ಟೀರಿ ಮಲಗುತ್ತಿದ್ದ ಮೂಲೆಯಲ್ಲೇ ಚಾಪೆ ಹಾಸಿದಳು.

ಸೋಮವಾರ ಬೆಳಗ್ಗೆ ಮಳೆ ಇನ್ನೂ ಬಿಟ್ಟಿರಲಿಲ್ಲ. ಗುಡಿಸಲ ನೆಲ ಒದ್ದೆಯಾಗಿತ್ತು, ಮಹಾರಾಜರು ಕಾಲು ಮೇಲೆತ್ತಿಕೊಂಡು ಕೂತಿದ್ದರು. ಮುದ್ದ ಗುದ್ದಲಿ ಹಿಡಿದು ಬಾಗಿಲಲ್ಲಿ ನಿಂತ.

"ನಲವತ್ತು ಮನೆ, ನಾಕು ಸಾವಿರ ಮನೆ. ಲೆಕ್ಕ ಅದೇ ಐತೆ ಬುದ್ಧಿ. ಕಡೀಲಾ?"

ಮಹಾರಾಜರು ಏರಿಯತ್ತ ನೋಡಿದರು, ಸೆಟ್ಟಿ ಅಳುತ್ತಿದ್ದುದನ್ನು ನೋಡಿದರು.

"ಗೋಡೆ ಒಡೀರೋ!" ಎಂದು ಕಿರುಚಿದರು. "ಹೂದೋಟದ ಗೋಡೆ ಒಡೀರಿ!"

ಮಧ್ಯಾಹ್ನದ ಹೊತ್ತಿಗೆ ಕೋಡಿ ಹರಿಯಿತು. ರಾಜಧಾನಿಯ ಒಂದು ಮನೆಯೂ ಬೀಳಲಿಲ್ಲ, ತಗ್ಗಿನಕೇರಿಯ ನಲವತ್ತು ಒಲೆಗಳೂ ಉರಿದವು. ಅವಧಾನಿ, ಸೆಟ್ಟಿ ಇಬ್ಬರೂ ಕುತ್ತಿಗೆ ಮುಟ್ಟಿ ನೋಡಿಕೊಳ್ಳುತ್ತ ಮನೆಗೆ ಓಡಿದರು. ಇನ್ನು ಮುಂದೆ ಕೋಡಿ, ಏರಿಗಳ ಮೇಲೆ ನೀರುಗಂಟಿಯದೇ ಮಾತು, ಪ್ರತಿ ಮಳೆಗಾಲವೂ ಅರಸನ ವಾಸ ತಗ್ಗಿನಕೇರಿಯಲ್ಲೇ ಎಂದು ಮಹಾರಾಜರು ಮುದ್ದನಿಗೆ ಶಾಸನ ಬರೆಸಿಕೊಟ್ಟರು. ಎಲ್ಲರೂ ಜೈ ಎಂದರು.

ಮಹಾರಾಜರು ಹೊರಡಲು ಎದ್ದಾಗ ಮುದ್ದನ ತಾಯಿ ಆ ಚಾಪೆ ಸುತ್ತುತ್ತ ಕೇಳಿದಳು:

"ಮೂರು ವರ್ಷದ ಹಿಂದೇನೂ ಆ ಗೋಡೆ ಅಲ್ಲೇ ಇತ್ತಲ್ಲ, ಬುದ್ಧಿ?"

ಹಿರಿಯರಸರು ಬಿಟ್ಟುಹೋದದ್ದು ಮೂರೇ ಗರಿ. ಇದು ನಾಲ್ಕನೆಯ ಒಗಟು.