ಸುಲ್ತಾನ ಭಿಸ್ತಿಯಾದದ್ದು

"ಕೇಳ್ರಪ್ಪೋ ಕೇಳ್ರಿ! ನೂರಗಢದ ಸುಲ್ತಾನ ಮುಬಾರಿಜ್ ಶಾ ಅವರು ಬಿಹಿಶ್ತ್ ಮಾಡ್ಯಾರ! ಅದಕ್ಕಿಂತ ಮಿಗಿಲಾದದ್ದು ಐತಿ ಅನ್ನಾವ ಬಂದು ಮೂರು ಒಗಟು ಬಿಡಿಸಬೇಕು. ಬಿಡಿಸಿದ್ರ ಬೇಡಿದ್ದು ಸಿಗತೈತಿ. ತಪ್ಪಿದ್ರ ಶುಕ್ರವಾರದ ಜುಮ್ಮಾ ನಮಾಜು ಮುಗಿದ ಮ್ಯಾಲ ತಲಿ ಹೋಗತೈತಿ!"

ಬಿಹಿಶ್ತ್ ಎಂದರೆ ಸ್ವರ್ಗ. ಸುಲ್ತಾನ ತನ್ನ ಹೊಸ ತೋಟಕ್ಕೆ ಇಟ್ಟ ಹೆಸರು ಅದು. ಆದರೆ ಡಂಗುರದವನಿಗೆ ಮುಂದಿನ ಹಲ್ಲುಗಳಿರಲಿಲ್ಲ. ಕೆಳಗಿನ ಓಣಿಯವರಿಗೆ ಅವನ ಮಾತು 'ಸುಲ್ತಾನರು ಭಿಸ್ತಿ ಆಗ್ಯಾರ' ಎಂದು ಕೇಳಿಸಿತು. ಭಿಸ್ತಿ ಎಂದರೆ ಚರ್ಮದ ಮಶಕದಲ್ಲಿ ನೀರು ಹೊತ್ತು ಮನೆಮನೆಗೆ ಹಾಕುವವನು. ಹೆಂಗಸರೆಲ್ಲ ಕೊಡ ಹಿಡಿದು ಬೀದಿಗೆ ಬಂದು ನಿಂತರು. ನಗಬೇಡಿ. ಬಾಯಾರಿದವರ ಕಿವಿಗೂ ನೀರೇ ಬೇಕು.

ಓಣಿಗಿದ್ದದ್ದು ಒಂದೇ ಬಾವಡಿ, ಮೆಟ್ಟಿಲಿಳಿದು ನೀರು ತುಂಬುವ ಬಾವಿ. ತೋಟದ ಗೋಡೆ ಎದ್ದಾಗ ಅದು ಗೋಡೆಯ ಒಳಗೆ ಹೋಯಿತು. ಓಣಿಯವರು ಕುಡಿಯುತ್ತಿದ್ದ ನೀರು ಈಗ ಕಾರಂಜಿಯಲ್ಲಿ ಕುಣಿಯುತ್ತಿತ್ತು. ಆ ಓಣಿಯ ಭಿಸ್ತಿ ದಸ್ತಗೀರ ದೂರದ ಕೆರೆಯಿಂದ ಕೆಸರು ಬೆರೆತ ನೀರು ತರುತ್ತಿದ್ದ. ಕೆರೆಯೂ ಬತ್ತಿದ ದಿನ ಅವನು ಬರಿದಾದ ಮಶಕವನ್ನೇ ಹೆಗಲಿಗೆ ಹಾಕಿಕೊಂಡು ಅರಮನೆಯ ದಾರಿ ಹಿಡಿದ.

"ಬ್ಯಾಡೋ ಮಗನ," ಎಂದು ತಾಯಿ ಹುಸೇನಬೀ ಅವನ ಅಂಗಿ ಹಿಡಿದು ಎಳೆದಳು. "ಹೋದಾವರು ಯಾರೂ ತಿರುಗಿ ಬಂದಿಲ್ಲ."

"ಇಲ್ಲಿ ಬಾಯಾರಿ ಸಾಯೂದಕ್ಕಿಂತ ಅಲ್ಲಿ ಬಾಯಿಬಿಟ್ಟು ಸಾಯೂದು ಚಲೋ ಅಲ್ಲೇನವ್ವಾ?"

ಹೋದವರ ಕತೆ ಊರಿಗೇ ಗೊತ್ತಿತ್ತು. ಒಗಟುಗಳನ್ನು ಯಾವುದರಿಂದ ಬೇಕಾದರೂ ಶುರುಮಾಡಬಹುದಿತ್ತು. ಅತ್ತರಿನ ವ್ಯಾಪಾರಿ ಜಲೀಲಖಾನ ಆರಿಸಿಕೊಂಡದ್ದು, ಲೋಕದಲ್ಲಿ ಅತಿ ಸಿಹಿಯಾದ ನೀರು ಯಾವುದು ಎಂಬ ಒಗಟನ್ನು. "ಹುಜೂರರ ಕಾರಂಜಿಯ ಗುಲಾಬಿ ನೀರು," ಎಂದ. ಸುಲ್ತಾನ ಮುಖ ಕಿವುಚಿದ. "ದಿನಾ ಕುಡೀತೀನಿ, ಸಪ್ಪಗಾಗಿ ಹೋಗೈತಿ. ಜುಮ್ಮಾತನಕ ಸೆರಿಗೆ ಒಯ್ಯಿರಿ ಇವನ್ನ."

ಆಸ್ಥಾನದ ಕವಿ ಮುನವ್ವರ ಜಾಣ. ಇನ್ನೊಂದು ಒಗಟು ಸುಲಭವೆಂದುಕೊಂಡ. "ಇಲ್ಲಿ ಕಷ್ಟಪಟ್ಟಾವರಿಗೆ ಪರಲೋಕದಾಗ ಸುಖ ಅಂತೀರಿ," ಎಂದ ಸುಲ್ತಾನ. "ಹಂಗಾದ್ರ ನಾ ನೀರು ಕಸಗೊಂಡು ಓಣ್ಯಾವರಿಗೆ ಮಾಡಿದ್ದು ಉಪಕಾರವೋ, ಅಪಕಾರವೋ?" ಕವಿ ಬಾಗಿ, "ಉಪಕಾರವೇ ಹುಜೂರ್!" ಎಂದ. "ಹಂಗಾದ್ರ ಇವನಿಗೂ ಅದೇ ಉಪಕಾರ ಮಾಡ್ರಿ," ಎಂದು ಸುಲ್ತಾನ ಹನಿ ನೀರು ಕೊಡದೆ ಸೆರೆಗೆ ನೂಕಿಸಿದ. ಮರುದಿನ ಒಬ್ಬ ಸಿಪಾಯಿ "ಅಪಕಾರ" ಎಂದಷ್ಟೇ ಹೇಳಿ ಸುಮ್ಮನಾದ. ಪರಲೋಕದ ಮೇಲೆ ನಂಬಿಕೆಯಿಲ್ಲದವನು ಎಂದು ಅವನನ್ನೂ ಕವಿಯ ಪಕ್ಕಕ್ಕೆ ಕಳಿಸಿದರು. ಹೀಗೆ ಅಂದರೂ ಕುತ್ತು, ಹಾಗೆ ಅಂದರೂ ಕುತ್ತು.

ದಸ್ತಗೀರ ದರ್ಬಾರಿಗೆ ಬಂದು ಸಿಹಿ ನೀರಿನ ಒಗಟಿನಿಂದಲೇ ಶುರುಮಾಡಿದ.

"ರೋಜಾದ ಉಪವಾಸ ಬಿಡೂವಾಗಿನ ಮೊದಲ ಗುಟುಕು, ಹುಜೂರ್. ದಿನವೆಲ್ಲ ಬಾಯಾರದಾವರಿಗೆ ಅದರ ಸಿಹಿ ಗೊತ್ತಾಗಂಗಿಲ್ಲ. ನೀವು ರೋಜಾ ಹಿಡಿಯೂದು ಬಿಟ್ಟು ಭಾಳ ದಿನ ಆಗಿರಬೇಕು."

ಸುಲ್ತಾನನಿಗೆ ತನ್ನ ಮೊದಲ ರೋಜಾ, ತಾಯಿಯ ಮಡಿಲು, ಅವಳು ಬಾಯಿಗಿಟ್ಟ ಮಣ್ಣಿನ ಬಟ್ಟಲು ನೆನಪಾದವು. ನಾಲಿಗೆ ತಾನಾಗಿ ತುಟಿ ಸವರಿತು.

"ಖರೇ," ಎಂದ ಒಲ್ಲದ ಮನಸ್ಸಿನಿಂದ. ಮರುಕ್ಷಣವೇ ಮೀಸೆ ತಿರುವಿದ. "ಬಾಯಾರಿದ್ರನ ಸಿಹಿ ಅಂತ ನೀನ ಅಂದಿ. ಈಗ ಹೇಳು. ನಾ ಮಾಡಿದ್ದು ಉಪಕಾರವೋ, ಅಪಕಾರವೋ?"

"ಅಪಕಾರ!" ದಸ್ತಗೀರನ ದನಿ ಕಂಬಗಳಿಗೆ ಬಡಿಯಿತು. "ಅಲ್ಲಾ ಇಟ್ಟ ರೋಜಾಕ್ಕ ಮಗ್ರಿಬ್ ಐತಿ, ಹೊತ್ತು ಮುಳುಗಿದ್ರ ನೀರು ಸಿಗತೈತಿ. ನೀವು ಇಟ್ಟ ರೋಜಾಕ್ಕ ಮಗ್ರಿಬ್ ಯಾವಾಗ್ರಿ? ನಾವು ಸಬರ್ ಮಾಡಿ ತಾಳಿಕೊಂಡಿದ್ದಕ್ಕ ಕೂಲಿ ಐತಿ, ಅದನ್ನ ಕೊಡಾವ ಅಲ್ಲಾ. ನಮ್ಮನ್ನ ಬಾಯಾರಿಸಿದ್ದಕ್ಕ ನಿಮಗ ಸಿಗೂದು ಬ್ಯಾರೇನ ಐತಿ. ನಮ್ಮ ಕೂಲಿ ತೋರಿಸಿ ನಿಮ್ಮ ಪಾಪ ಮುಚ್ಚಬ್ಯಾಡ್ರಿ."

ಕಾವಲಿನವನ ಕೈ ಕತ್ತಿಗೆ ಹೋಯಿತು. ಸುಲ್ತಾನ ಬೆರಳೆತ್ತಿ ತಡೆದ. ಸೊಕ್ಕಿನವನೇ, ಆದರೆ ಆಡಿದ ಮಾತಿಗೆ ತಪ್ಪುವವನಲ್ಲ. ಈ ಒಂದು ಗುಣಕ್ಕೇ ಅವನ ಕತೆ ಹೇಳುತ್ತಿದ್ದೇನೆ, ಇಲ್ಲದಿದ್ದರೆ ಅವನ ಹೆಸರೆತ್ತುವ ದರ್ದು ನನಗೇನಿತ್ತು?

"ಕಡೀದು," ಎಂದ ಸುಲ್ತಾನ. "ಈ ತೋಟ, ಈ ಕಾರಂಜಿ, ನಾನುಂಡ ಸುಖ ಎಲ್ಲಾ ತಕ್ಕಡಿಯ ಒಂದು ತಟ್ಯಾಗ ಇಡ್ತೀನಿ. ಅದನ್ನ ಮ್ಯಾಲ ಎತ್ತೂವಷ್ಟು ಭಾರದ್ದು ಯಾವುದು?"

"ಹೋದ ಈದಿಗೆ ಉಂಡ ಬಿರಿಯಾನಿ ಈಗ ನಾಲಿಗಿ ಮ್ಯಾಲ ಐತೇನ್ರಿ?"

"ಇಲ್ಲ."

"ಹಂಗಾದ್ರ ತಟ್ಯಾಗ ಇಡಾಕ ನಿಮ್ಮ ಹತ್ರ ಏನೈತಿ? ನಿಮ್ಮ ಸುಖ ಹೋತು. ನಮ್ಮ ದುಃಖನೂ ಹೋಗತೈತಿ, ಅದೂ ನಿಲ್ಲಾಂಗಿಲ್ಲ. ಯಾರ ಬಾಯಿಗೆ ನೀರು ಹಾಕಿದ್ರಿ, ಯಾರ ಬಾಯಿಂದ ಕಸಗೊಂಡ್ರಿ, ಅಲ್ಲಾ ಲೆಕ್ಕ ಕೇಳೂ ಕಯಾಮತ್ತಿನ ದಿನ ತಟ್ಯಾಗ ಉಳಿಯೂದು ಅದು. ಬಾಯಾರಿದಾವರಿಗೆ ಹೊತ್ತುಕೊಟ್ಟ ಒಂದು ಮಶಕ ನೀರು ಸಾಕು, ನಿಮ್ಮ ತೋಟ ತರಗೆಲಿ ಹಂಗ ಮ್ಯಾಲ ಹಾರತೈತಿ. ಬಾಯಾರಿದಾವರು ನನ್ನನ್ನ ಯಾಕ ಭಿಸ್ತಿ ಅಂತಾರ ಅಂದ್ಕೊಂಡೀರಿ? ಬಿಹಿಶ್ತದಿಂದ ಬಂದಾವ ಅಂತ. ತೋಟಕ್ಕ ಆ ಹೆಸರು ನೀವ ಇಟ್ಕೊಂಡ್ರಿ. ನನಗ ಊರು ಇಟ್ಟೈತಿ."

ಸುಲ್ತಾನ ಗದ್ದುಗೆಯಿಂದಿಳಿದು ದರ್ಬಾರಿನ ಮುಂದಿನ ಕಾರಂಜಿಯ ಬಳಿಗೆ ಬಂದ.

"ಬೇಡು," ಎಂದ ಸುಲ್ತಾನ. "ತೋಟ ಬೇಕೋ, ಜಹಗೀರು ಬೇಕೋ?"

"ಸೆರ್ಯಾಗ ಇದ್ದಾವರನ್ನ ಬಿಡ್ರಿ, ಬಾವಡಿ ಮುಂದಿನ ಗೋಡಿ ಒಡೀರಿ. ಇನ್ನೊಂದೈತಿ. ಸುಲ್ತಾನರು ಭಿಸ್ತಿ ಆಗ್ಯಾರ ಅಂತ ನಮ್ಮ ಓಣ್ಯಾಗ ನಿಮ್ಮ ಡಂಗುರ ಕೇಳಿ ಹೆಣ್ಮಕ್ಕಳು ಅವತ್ತಿಂದ ಕೊಡ ಹಿಡಕೊಂಡು ಕಾಯಾಕತ್ತಾರ. ಸುಲ್ತಾನರ ಡಂಗುರ ಸುಳ್ಳಾಗಬಾರದು."

ಹೀಗೆಂದು ದಸ್ತಗೀರ ತನ್ನ ಮಶಕವನ್ನು ಕಾರಂಜಿಯಲ್ಲಿ ಮುಳುಗಿಸಿ ತುಂಬಿದ, ಬಾಯಿ ಬಿಗಿದ, ಸುಲ್ತಾನನ ಜರತಾರಿ ಹೆಗಲಿಗೇರಿಸಿದ. ಸುಲ್ತಾನ ಒಮ್ಮೆ ವಾಲಿದ, ಹಲ್ಲು ಕಚ್ಚಿ ನೆಟ್ಟಗಾದ, ನಡೆದ. ಬೆನ್ನು ಒದ್ದೆಯಾಯಿತು, ಪಟ್ಟಿ ಹೆಗಲನ್ನು ಕೊರೆಯಿತು.

ಹಿಂದೆ ಗೋಡೆ ಒಡೆಯುವ ಸದ್ದು ಎದ್ದಿತ್ತು. ಓಣಿಯ ಬಾಯಲ್ಲಿ, ಕಣ್ಣು ಮಂಜಾದ ಹುಸೇನಬೀಗೆ ಕಂಡದ್ದು ಮಶಕವೊಂದೇ.

"ಏ ಭಿಸ್ತಿ!" ಎಂದು ಕೂಗಿದಳು. "ಬಾರಪಾ, ಮೊದಲು ಇಲ್ಲಿ ಹಾಕು!"

ಹುಟ್ಟಿದಾಗಿನಿಂದ ಸುಲ್ತಾನನನ್ನು ಯಾರೂ ಆ ಹೆಸರಿನಿಂದ ಕರೆದಿರಲಿಲ್ಲ. ಅವನು ಬಾಗಿ ಅವಳ ಕೊಡ ತುಂಬಿಸಿದ. ಅಲ್ಲಿ ಸುಲ್ತಾನ ಮಶಕ ಇಳಿಸಿದ, ಇಲ್ಲಿ ನಾನು ಕತೆ ಇಳಿಸಿದೆ.