ಕುಪ್ಪನ ಎದೆಯ ಮೇಲೆ ಕೂತವರು

ಕಡಲ ದಂಡೆಯ ಒಂದು ಬಂದರು. ಅಲ್ಲೊಬ್ಬಳು ಒಣಮೀನು ಮಾರುವ ಗುಲಾಬಿ. ಗುಲಾಬಿಗೊಬ್ಬ ಮಗ, ಹೆಸರು ಕುಪ್ಪ. ಕುಪ್ಪ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ ಕೆಲಸ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ, ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುತ್ತಿದ್ದ. "ಮೀನು ಒಣಗಲು ಹಾಕಿದ್ದೇನೆ, ಬೆಕ್ಕು ಬಂದರೆ ಓಡಿಸು" ಅಂದರೆ ಬೆಕ್ಕನ್ನು ಓಡಿಸುತ್ತಿದ್ದ. ಕಾಗೆ ಬಂದರೆ ಸುಮ್ಮನೆ ಕೂತು ನೋಡುತ್ತಿದ್ದ. ಕಾಗೆಯ ವಿಷಯ ಅಮ್ಮ ಹೇಳಿರಲಿಲ್ಲವಲ್ಲ.

ಅದೇ ಬಂದರಿನಲ್ಲಿ ದಾಮ ಅಂತ ಒಬ್ಬನಿದ್ದ. ದೋಣಿಯಲ್ಲಿ ಬಲೆ ಎಳೆಯುವವನು. ಮೈ ಅಂದರೆ ಐಸು ತುಂಬಿದ ಮೀನಿನ ಪೆಟ್ಟಿಗೆ, ಅಷ್ಟು ಭಾರ. ದಿನಾ ಬೆಳಿಗ್ಗೆ ಮೀನು ಇಳಿಸಿ ಆದ ಮೇಲೆ ಅವನಿಗೊಂದು ಆಟ. ಕುಪ್ಪನನ್ನು ಕೆಡವುವುದು, ಎದೆಯ ಮೇಲೆ ಕೂರುವುದು.

"ನಾನು ಪೆದ್ದ ಅಂತ ಹೇಳು, ಏಳ್ತೇನೆ."

"ನಾನು ಪೆದ್ದ, ದಾಮಣ್ಣ."

ಎಲ್ಲರೂ ನಗುತ್ತಿದ್ದರು. ಎಲ್ಲರೂ ನಗುತ್ತಾರಲ್ಲ ಅಂತ ಕುಪ್ಪನೂ ನಗುತ್ತಿದ್ದ. ಗುಲಾಬಿ ಮಾತ್ರ ಬುಟ್ಟಿಯ ಹಿಂದೆ ತಲೆ ತಗ್ಗಿಸುತ್ತಿದ್ದಳು. ದಾಮ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ, ಬರೀ ಕೂರುತ್ತಿದ್ದ. ಆದರೂ ಅವನು ಕೂತದ್ದು ತನ್ನ ಎದೆಯ ಮೇಲೆಯೇ ಅನ್ನಿಸುತ್ತಿತ್ತು ಅವಳಿಗೆ. ತಾನಿಲ್ಲದ ಕಾಲಕ್ಕೆ ಇವನ ಮೇಲೆ ಯಾರು ಯಾರು ಕೂರುತ್ತಾರೋ! ಒಂದೇ ಒಂದು ಸಲ, ಯಾರೂ ಬಿಡಿಸದೆ, ಮಗ ತಾನಾಗಿ ಎದ್ದು ನಿಂತದ್ದನ್ನು ಕಣ್ಣಾರೆ ನೋಡಬೇಕು. ಅವಳಿಗಿದ್ದ ಆಸೆ ಅದೊಂದೇ.

ಹೀಗಿರುವಾಗ ವಾಮನ ಮಾಷ್ಟ್ರು ಅನ್ನುವವರು ಗೋವಾದಿಂದ ಊರಿಗೆ ಬಂದು, ಬಲೆ ನೇಯುವ ಶೆಡ್ಡಿನಲ್ಲಿ ದಪ್ಪ ಮ್ಯಾಟು ಹಾಸಿ, ಜಿಯು-ಜಿಟ್ಸು ಕಲಿಸಲು ಶುರು ಮಾಡಿದರು. ಅದೇನು ಅಂತ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅದು ಜಪಾನಿನಲ್ಲಿ ಹುಟ್ಟಿ ಬ್ರೆಜಿಲ್ ದೇಶದಲ್ಲಿ ಬೆಳೆದ ಒಂದು ಬಗೆಯ ಕುಸ್ತಿ. ನಮ್ಮ ಗರಡಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಆಟ ಮುಗಿಯಿತು. ಇದರಲ್ಲಿ ಹಾಗಲ್ಲ, ಬೆನ್ನು ನೆಲಕ್ಕೆ ತಾಗಿದ ಮೇಲೂ ಆಟ ಉಂಟು. ಮೇಲೆ ಕೂತವನು ಒತ್ತಿ ಹಿಡಿಯುತ್ತಾನೆ, ಕೆಳಗಿದ್ದವನು ಬಿಡಿಸಿಕೊಳ್ಳುತ್ತಾನೆ. ಬಿಡಿಸಿಕೊಳ್ಳುವುದೇ ಇದರಲ್ಲಿ ದೊಡ್ಡ ವಿದ್ಯೆ.

ಗುಲಾಬಿ ಮಗನ ಕೈ ಹಿಡಿದು ಎಳೆದುಕೊಂಡು ಹೋದಳು.

"ಮಾಷ್ಟ್ರೆ, ಇವನಿಗೆ ಹೊಡೆಯೋದು ಕಲಿಸೋದು ಬೇಡ. ಏಳೋದು ಕಲಿಸಿ, ಸಾಕು."

"ಇಲ್ಲಿ ಮೊದಲು ಕಲಿಸೋದೇ ಅದು, ಗುಲಾಬಕ್ಕ."

ಗುಲಾಬಿ ಮಾಷ್ಟ್ರಿಗೆ ಕೈಮುಗಿದಳು.

ಮೊದಲ ದಿನ ಆಟೊ ಓಡಿಸುವ ಲೋಕಣ್ಣನನ್ನು ಕುಪ್ಪನ ಎದೆಯ ಮೇಲೆ ಕೂರಿಸಿದರು. ಲೋಕಣ್ಣ ಅಲ್ಲಿ ಕಲಿಯಲು ಬರುತ್ತಿದ್ದ ಸಾಧು ಮನುಷ್ಯ. ಕುಪ್ಪ ಹಾಯಾಗಿ ಮಲಗಿ ತಲೆ ಮೇಲಿನ ಶೆಡ್ಡಿನ ಮಾಡು ನೋಡಿದ.

"ಎಂತ ಮಾರಾಯ, ನಿದ್ದೆಗೆ ಬಂದದ್ದಾ? ಎದೆ ಮೇಲೆ ಭಾರ ಬಿತ್ತು ಅಂದ ಕೂಡಲೇ ಸೊಂಟ ಎತ್ತಿ ನೂಕಬೇಕು, ಸೇತುವೆ ಹಾಗೆ. ಗೊತ್ತಾಯ್ತಾ?"

"ಗೊತ್ತಾಯ್ತು ಮಾಷ್ಟ್ರೆ. ಭಾರ ಬಿದ್ದ ಕೂಡಲೇ ಸೊಂಟ ಎತ್ತೋದು."

ಮರುದಿನ ಮಧ್ಯಾಹ್ನ ಕುಪ್ಪ ಜಗುಲಿಯಲ್ಲಿ ಮಲಗಿದ್ದ. ಪಕ್ಕದ ಮನೆಯ ಸುಮತಿ ನಿದ್ದೆ ಹೋದ ಕೂಸನ್ನು ಎತ್ತಿಕೊಂಡು ಬಂದಳು. ನೀರು ತರುವಷ್ಟು ಹೊತ್ತು ಯಾರಾದರೂ ನೋಡಿಕೊಳ್ಳಬೇಕು. ಕುಪ್ಪನ ಎದೆಗಿಂತ ಒಳ್ಳೆಯ ಹಾಸಿಗೆ ಯಾವುದು? ಮೆಲ್ಲಗೆ ಮಲಗಿಸಿದಳು. ಭಾರ ಬಿತ್ತು. ಕುಪ್ಪ ಸೊಂಟ ಎತ್ತಿದ. ಕೂಸು ಹಾರಿತು. ಪಕ್ಕದಲ್ಲಿ ಹಳೆಯ ಬಲೆಗಳ ರಾಶಿ ಇತ್ತು, ಹಾಗಾಗಿ ಮೆತ್ತಗೆ ಹೋಗಿ ಬಿತ್ತು. ಮೈಗೆ ಏನೂ ಆಗಲಿಲ್ಲ, ನಿದ್ದೆ ಮಾತ್ರ ಹೋಯಿತು. ಕೂಗಿದ್ದು ಬಂದರಿಗೆಲ್ಲ ಕೇಳಿತು.

ಗುಲಾಬಿ ಓಡಿ ಬಂದಳು. ಮೊದಲು ಕೂಸಿನ ಕೈಕಾಲು ಮುಟ್ಟಿ ನೋಡಿ ಬಲೆಯ ರಾಶಿಗೆ ಕೈಮುಗಿದಳು. ಆಮೇಲೆ ಮಗನ ಕಡೆ ತಿರುಗಿದಳು.

"ಮೇಲೆ ಇದ್ದವರನ್ನು ಎಸೆಯೋದಾ, ಪೆದ್ದ ಮುಂಡೇದೆ? ಎದೆಗೆ ಗಟ್ಟಿಯಾಗಿ ಅಪ್ಪಿಕೊಂಡು ಬೆನ್ನು ತಟ್ಟಬೇಕು."

"ಆಯ್ತಮ್ಮ. ಅಪ್ಪಿಕೊಂಡು ತಟ್ಟೋದು."

ಸಂಜೆ ಶೆಡ್ಡಿನಲ್ಲಿ ಲೋಕಣ್ಣ ಎದೆಯ ಮೇಲೆ ಕೂತ. ಕುಪ್ಪ ಅವನನ್ನು ಎಳೆದು ಗಟ್ಟಿಯಾಗಿ ಅಪ್ಪಿಕೊಂಡ. ಬೆನ್ನು ತಟ್ಟಿದ. "ಜೋ ಜೋ" ಅಂದ. ಲೋಕಣ್ಣ ತಕ್ಷಣ ಬಿಟ್ಟು ಎದ್ದ.

"ಕಂಡ್ರಾ ಮಾಷ್ಟ್ರೆ, ಎದ್ದೇಬಿಟ್ಟ."

ಮಾಷ್ಟ್ರು ಹಣೆ ಒರೆಸಿಕೊಂಡರು. "ಅವನು ಎದ್ದದ್ದು ನೀನು ಸೋತೆ ಅಂತ. ತಟ್ಟೋದು ಅಂದರೆ ಇಲ್ಲಿ ಸೋತೆ, ಬಿಡು ಅಂತ ಅರ್ಥ. ಮೇಲೆ ಇದ್ದವನನ್ನು ಅಪ್ಪಿದರೆ ಅವನ ಭಾರ ಎಲ್ಲ ನಿನ್ನ ಮೇಲೆಯೇ. ಅಪ್ಪಬೇಡ. ಪೂರ್ತಿ ಸಿಕ್ಕಿಹಾಕಿಕೊಂಡು ಉಸಿರು ಕಟ್ಟಿದರೆ ಮಾತ್ರ, ಕೈಗೆ ಸಿಕ್ಕಿದ ಕಡೆ ಎರಡು ಸಲ ತಟ್ಟು. ಎಲ್ಲ ನಿಲ್ಲುತ್ತೆ."

"ಉಸಿರು ಕಟ್ಟಿದರೆ ಕೈಗೆ ಸಿಕ್ಕಿದ ಕಡೆ ಎರಡು ಸಲ. ಗೊತ್ತಾಯ್ತು ಮಾಷ್ಟ್ರೆ."

ಬೆಳಿಗ್ಗೆ ತಾಯಿ ಮಗ ಸಂತೆಗೆ ಹೊರಟರು. ಬಸ್ಸು ಕಿಕ್ಕಿರಿದಿತ್ತು. ಒಂದು ಬುಟ್ಟಿ ಹಿಡಿದು ಕುಪ್ಪ ಹತ್ತಿದ. ಇನ್ನೊಂದು ಬುಟ್ಟಿ ಎತ್ತಲು ಗುಲಾಬಿ ರಸ್ತೆಯಲ್ಲಿ ಬಗ್ಗಿದ್ದಳು. ಮೆಟ್ಟಿಲಿನಲ್ಲಿ ಕುಪ್ಪನ ಮುಂದೆ ಅಕ್ಕಿ ಮೂಟೆ, ಹಿಂದೆ ಮೂಟೆಯಂಥ ಮನುಷ್ಯ. ಉಸಿರು ಕಟ್ಟಿತು. ಕೈಗೆ ಸಿಕ್ಕಿದ್ದು ಬಸ್ಸಿನ ಮೈ. ಎರಡು ಸಲ ತಟ್ಟಿದ.

ನಮ್ಮ ಕಡೆ ಬಸ್ಸಿನ ಮೈಗೆ ಎರಡು ಸಲ ತಟ್ಟಿದರೆ ಡ್ರೈವರಿಗೆ ಏನು ಅರ್ಥ? ಎಲ್ಲರೂ ಹತ್ತಿ ಆಯಿತು, ಹೋಗು ಅಂತ ಅರ್ಥ. ಬಸ್ಸು ಹೊರಟಿತು. ನಿಲ್ಲಲಿಲ್ಲವಲ್ಲ ಅಂತ ಕುಪ್ಪ ಮತ್ತೆ ಎರಡು ಸಲ ತಟ್ಟಿದ. ಬಸ್ಸು ಇನ್ನೂ ಜೋರಾಗಿ ಹೋಯಿತು. ಗುಲಾಬಿ ಬುಟ್ಟಿ ಹೊತ್ತು ಬಸ್ಸಿನ ಹಿಂದೆ ಓಡಿದಳು.

ಕಂಡಕ್ಟರ್ ಒಳ್ಳೆಯವನು. ಕುಪ್ಪನನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಿ, ಎದುರಿಗೆ ಬಂದ ಬಸ್ಸಿಗೆ ಹತ್ತಿಸಿ, ಬುಟ್ಟಿ ಸಮೇತ ವಾಪಸು ಕಳಿಸಿದ. ಮುಖ ನೋಡದ ಆ ಕಂಡಕ್ಟರಿಗೆ ಗುಲಾಬಿ ದೂರದಿಂದಲೇ ಕೈಮುಗಿದಳು. ಆಮೇಲೆ ಮಗನಿಗೆ ಬೈದಳು.

"ನಾಲ್ಕು ಜನರ ನಡುವೆ ಸಿಕ್ಕಿಕೊಂಡರೆ ತಟ್ಟೋದಾ? ಯಾರನ್ನೂ ತಟ್ಟಬೇಡ, ನೂಕಬೇಡ. ನೀನೇ ಸ್ವಲ್ಪ ಸ್ವಲ್ಪ ಸರಿದು ಜಾಗ ಮಾಡಿಕೊಳ್ಳಬೇಕು, ತಿಳೀತಾ?"

"ತಿಳೀತಮ್ಮ. ನಾನೇ ಸರಿಯೋದು."

ಸಂಜೆ ಲೋಕಣ್ಣ ಕೂತ. ಕುಪ್ಪ ಅವನನ್ನು ನೂಕಲಿಲ್ಲ, ತಟ್ಟಲಿಲ್ಲ. ತಾನೇ ಸರಿಯಲು ನೋಡಿದ. ಮಾಷ್ಟ್ರು ಬೆರಗಾದರು.

"ಯಾರು ಹೇಳಿದ್ದೋ ಇದನ್ನು?"

"ಅಮ್ಮ, ಬಸ್ ಸ್ಟ್ಯಾಂಡಿನಲ್ಲಿ."

"ಗುಟ್ಟೇ ಅದು ಮಾರಾಯ. ಮೇಲಿನವನನ್ನು ನೂಕಿ ಪ್ರಯೋಜನ ಇಲ್ಲ. ಮೊಣಕೈ ಅಡ್ಡ ಇಟ್ಟು, ಮಗ್ಗುಲಾಗಿ, ನಿನ್ನ ಸೊಂಟವನ್ನೇ ಆಚೆ ಸರಿಸು. ಹೇಗೆ ಅಂದರೆ, ಸೀಗಡಿ ಹಾಗೆ. ಸೀಗಡಿ ಗೊತ್ತಲ್ಲ?"

ಸೀಗಡಿ ಗೊತ್ತಿಲ್ಲದೆ ಇರುತ್ತದೆಯೇ? ಒಣಮೀನಿನ ಮನೆಯಲ್ಲಿ ಹುಟ್ಟಿ ಬೆಳೆದವನು. ಕುಪ್ಪ ಮಗ್ಗುಲಾದ, ಬೆನ್ನು ಬಾಗಿಸಿದ, ಮಂಡಿ ಮಡಚಿದ, ಕಣ್ಣು ಅಗಲ ಮಾಡಿದ. ಮಾಡಿ, ಹಾಗೆಯೇ ಇದ್ದ. ಅಲ್ಲಾಡಲಿಲ್ಲ.

"ಸರಿಯೋ."

ಇಲ್ಲ.

"ಎಂತ ಮಾಡ್ತಿದ್ದಿ?"

"ಸೀಗಡಿ, ಮಾಷ್ಟ್ರೆ."

"ಸೀಗಡಿ ಸರಿಯೋದಿಲ್ವಾ?"

"ನಮ್ಮನೇದು ಸರಿಯೋದಿಲ್ಲ. ಅಮ್ಮ ಗುಡಿಸಿದರೆ ಮಾತ್ರ ಸರಿಯುತ್ತೆ."

ಲೋಕಣ್ಣ ನಗು ತಡೆಯಲಾರದೆ ಅವನ ಮೇಲಿಂದ ಉರುಳಿಬಿದ್ದ. ಮಾಷ್ಟ್ರು ಗುಲಾಬಿಯನ್ನು ಕರೆಸಿದರು.

"ಗುಲಾಬಕ್ಕ, ನಿಮ್ಮ ಮಗ ಒಣಸೀಗಡಿ ಆಗಿದ್ದಾನೆ. ಜೀವ ಇರೋದನ್ನು ಒಮ್ಮೆ ತೋರಿಸಿ."

ಗುಲಾಬಿಗೆ ನಾಚಿಕೆಯೂ ಆಯಿತು, ನಗುವೂ ಬಂತು. ಮರುದಿನ ಅಳಿವೆಗೆ, ಅಂದರೆ ಹೊಳೆ ಕಡಲಿಗೆ ಸೇರುವ ಜಾಗಕ್ಕೆ, ಮಗನನ್ನು ಕರೆದುಕೊಂಡು ಹೋದಳು. ಸೀರೆ ಎತ್ತಿ ಕಟ್ಟಿ ಮೊಣಕಾಲು ನೀರಿಗೆ ಇಳಿದು, ಕೈಬಲೆಯಲ್ಲಿ ನಾಲ್ಕು ಸೀಗಡಿ ಹಿಡಿದು ಅಗಲದ ಪಾತ್ರೆಗೆ ಬಿಟ್ಟಳು. ಬೆರಳು ಹತ್ತಿರ ತಂದಳು. ಸೀಗಡಿ ಮೈ ಮಡಚಿ, ಬಾಲ ಬಡಿದು, ಚಿಮ್ಮಿ ಹಿಂದಕ್ಕೆ ಹೋಯಿತು. ಇನ್ನೊಮ್ಮೆ ತಂದಳು. ಇನ್ನೊಮ್ಮೆ ಹಿಂದಕ್ಕೆ ಹೋಯಿತು.

"ಕಾಣು ಮಗ. ಜಗಳ ಮಾಡ್ತದಾ? ಇಲ್ಲ. ನನ್ನ ಬೆರಳನ್ನು ನೂಕ್ತದಾ? ಇಲ್ಲ. ಬಗ್ತದೆ, ಹಿಂದೆ ಹೋಗ್ತದೆ."

ಕುಪ್ಪ ಪಾತ್ರೆಯ ಪಕ್ಕ ಮರಳಿನಲ್ಲಿ ಮಲಗಿದ. ಬಗ್ಗಿದ, ಹಿಂದೆ ಹೋದ. ಬಗ್ಗಿದ, ಹಿಂದೆ ಹೋದ. ಹೋಗುತ್ತಾ ಹೋಗುತ್ತಾ ನೀರಿಗೇ ಇಳಿದುಬಿಟ್ಟ. ಗುಲಾಬಿ ಕಾಲು ಹಿಡಿದು ಎಳೆದಳು. ಎಳೆಯುವಾಗ ಅವಳ ಕಣ್ಣು ತುಂಬಿತು. ಇಷ್ಟು ವರ್ಷ ಸೀಗಡಿ ಒಣಗಿಸಿ ಹೊಟ್ಟೆ ತುಂಬಿಸಿಕೊಂಡವಳು, ಆವತ್ತು ಮೊದಲ ಬಾರಿ ಸೀಗಡಿಗೆ ಕೈಮುಗಿದಳು. ನಾಲ್ಕನ್ನೂ ನೀರಿಗೆ ಬಿಟ್ಟಳು.

ಆಮೇಲೆ ಶೆಡ್ಡಿನಲ್ಲಿ ಕುಪ್ಪನನ್ನು ಹಿಡಿದವರಿಲ್ಲ. ಲೋಕಣ್ಣ ಕೂತರೆ ಬಗ್ಗಿ ಜಾರಿದ. ಮಾಷ್ಟ್ರೇ ಕೂತರೂ ಎರಡು ಸಲ ಬಗ್ಗಿ ಜಾರಿದ. ಆದರೆ ಜಾರಿದವನು ಎದ್ದು ಸೀದಾ ಮನೆಗೆ ಹೊರಟುಬಿಡುತ್ತಿದ್ದ. ಬಿಡಿಸಿಕೊಂಡು ಆಯಿತಲ್ಲ!

ಮಾಷ್ಟ್ರು ಕರೆದು ಬೈದರು. "ಹಾಗೆ ಹೋಗಬಾರದೋ. ನಿನ್ನ ಮೇಲೆ ಕೂತವನು ನಿನಗೆ ಉಪಕಾರ ಮಾಡಿದವನು. ಅವನು ಕೂರದಿದ್ದರೆ ನೀನು ಏಳೋದು ಕಲಿಯೋದು ಹೇಗೆ? ಬಿಡಿಸಿಕೊಂಡ ಮೇಲೆ ಕೈಮುಗಿದು ಉಪಕಾರ ಆಯ್ತು ಅನ್ನಬೇಕು. ಮತ್ತೆ ಮೊದಲಿನ ಹಾಗೇ ಮಲಗಬೇಕು. ಅವನು ಮತ್ತೆ ಕೂರಬೇಕು. ಅಭ್ಯಾಸ ಅಂದರೆ ಅದು."

"ಗೊತ್ತಾಯ್ತು ಮಾಷ್ಟ್ರೆ. ಉಪಕಾರ ಆಯ್ತು ಅನ್ನೋದು, ಮತ್ತೆ ಮಲಗೋದು."

ಬೆಳಗಾಯಿತು. ದೋಣಿಗಳು ಬಂದವು, ಮೀನು ಇಳಿಯಿತು. ಇಷ್ಟು ದಿನ ದೂರದ ಕಡಲಿಗೆ ಹೋಗಿದ್ದ ದಾಮ ಕೈ ಒರೆಸಿಕೊಂಡು ಬಂದ, ಕುಪ್ಪನನ್ನು ಕೆಡವಿದ, ಎದೆಯ ಮೇಲೆ ಕೂತ.

"ಹೇಳು, ನಾನು ಪೆದ್ದ."

ಗುಲಾಬಿ ಈ ಸಲ ತಲೆ ತಗ್ಗಿಸಲಿಲ್ಲ. ಬುಟ್ಟಿಯ ಅಂಚು ಹಿಡಿದು ನೋಡುತ್ತಿದ್ದಳು. ಕುಪ್ಪ ಮೊಣಕೈ ಅಡ್ಡ ಇಟ್ಟ. ಮಗ್ಗುಲಾದ. ಬಗ್ಗಿದ. ಹಿಂದೆ ಹೋದ. ದಾಮ ಒದ್ದೆ ಸಿಮೆಂಟು ನೆಲದ ಮೇಲೆ ಧೊಪ್ಪನೆ ಕೂತಿದ್ದ, ಕುಪ್ಪ ಎದ್ದು ಅವನ ಪಕ್ಕದಲ್ಲಿ ನಿಂತಿದ್ದ.

ಗುಲಾಬಿ ಬುಟ್ಟಿ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದಳು. ಎದ್ದ. ತಾನಾಗಿ ಎದ್ದ ನನ್ನ ಮಗ.

ಕುಪ್ಪ ದಾಮನಿಗೆ ಕೈಮುಗಿದ. "ಉಪಕಾರ ಆಯ್ತು, ದಾಮಣ್ಣ." ಅಂದವನೇ ಅವನ ಎದುರಿಗೆ ಅಂಗಾತ ಮಲಗಿದ. "ಬಾ, ಕೂತ್ಕೊ."

ಗುಲಾಬಿ ತಲೆ ಚಚ್ಚಿಕೊಂಡಳು.

ದಾಮನಿಗೆ ರೋಷ ಬಂತು, ಕೂತ. ಕುಪ್ಪ ಬಗ್ಗಿದ, ಜಾರಿದ, ಕೈಮುಗಿದ, ಮಲಗಿದ. ದಾಮ ಇನ್ನೊಮ್ಮೆ ಕೂತ. ಕುಪ್ಪ ಇನ್ನೊಮ್ಮೆ ಜಾರಿದ. ದಾಮನ ಲುಂಗಿಗೆಲ್ಲ ಮೀನಿನ ನೀರು, ಮೂಗಿನಲ್ಲಿ ಏದುಸಿರು.

"ನಂಗೆ ಸಾಕು, ಬಿಡೋ ಮಾರಾಯ."

"ನೀನು ಕೂರದಿದ್ದರೆ ನಾನು ಕಲಿಯೋದು ಹೇಗೆ, ದಾಮಣ್ಣ? ಇಷ್ಟು ವರ್ಷ ದಿನಾ ಉಪಕಾರ ಮಾಡಿದ್ದಿ. ಇವತ್ತು ಯಾಕೆ ಬೇಜಾರು?"

ಇದನ್ನು ಕುಪ್ಪ ತಮಾಷೆಗೆ ಹೇಳಿದ್ದಲ್ಲ. ತಮಾಷೆ ಮಾಡಲು ಅವನಿಗೆ ಬರುತ್ತಿರಲಿಲ್ಲ. ದಾಮ ಅವನ ಮುಖ ನೋಡಿದ, ಹೋಗಿ ದೋಣಿ ಹತ್ತಿದ. ಕುಪ್ಪ ಓಡಿ ಹೋಗಿ ದೋಣಿಯ ಪಕ್ಕ ಮಲಗಿದ. ದಾಮ ದೋಣಿಯ ಆಚೆ ಬದಿಗೆ ಹೋಗಿ ಕೂತುಬಿಟ್ಟ.

ಗುಲಾಬಿ ಮಗನ ಹತ್ತಿರ ಬಂದಳು. ಬೈಯಬೇಕು ಅಂತಲೇ ಬಂದದ್ದು. ಬೈಯುವ ಬದಲು ಅವನ ಹಣೆಯ ಬೆವರು ಸೆರಗಿನಲ್ಲಿ ಒರೆಸಿದಳು.

"ಅಮ್ಮ, ದಾಮಣ್ಣ ಬರೋದಿಲ್ಲವಂತೆ. ನೀನು ಕೂತ್ಕೊ."

"ನಾನಾ?"

"ಹೂಂ. ಉಪಕಾರ ಆಗ್ತದೆ."

ಎಷ್ಟೋ ವರ್ಷದಿಂದ ನಿಂತೇ ಇದ್ದವಳ ಹಾಗೆ ಗುಲಾಬಿ ಮಗನ ಎದೆಯ ಮೇಲೆ ಮೆಲ್ಲಗೆ ಕೂತಳು. ಕೂತು, ಒಂದು ನೆಮ್ಮದಿಯ ಉಸಿರು ಬಿಟ್ಟಳು.

ಕುಪ್ಪ ಮೊಣಕೈ ಅಡ್ಡ ಇಟ್ಟ. ಬಗ್ಗಿದ. ಹಿಂದೆ ಹೋದ.

ಗುಲಾಬಿ ಮೀನಿನ ನೀರಿನಲ್ಲಿ ಧೊಪ್ಪನೆ ಕೂತಳು. ಬಂದರಿಗೆ ಬಂದರೇ ನಕ್ಕಿತು. ಅವಳೂ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

ಕುಪ್ಪ ಅಮ್ಮನಿಗೆ ಕೈಮುಗಿದ. ಮತ್ತೆ ಅಂಗಾತ ಮಲಗಿ, ಎದೆ ತಟ್ಟಿ ಜಾಗ ತೋರಿಸಿದ.

"ಬಾ ಅಮ್ಮ. ಇನ್ನೊಂದು ಸಲ."