ಉತ್ತರಾಣಿ ಬೀಜ ಹತ್ತಿದ ಬೆಟ್ಟಗಳು

ಬೇಸಿಗೆ ಮುಗಿಯುತ್ತಿದ್ದ ಒಂದು ಶನಿವಾರ, ಬೆಟ್ಟ ಹತ್ತಲು ಬಂದ ಹುಡುಗಿಯ ಕಾಲುಚೀಲಕ್ಕೆ ಉತ್ತರಾಣಿ ಬೀಜವೊಂದು ಅಂಟಿಕೊಂಡಿತು. ಮೊದಲ ಮಳೆಗೆ ಮುಂಚೆ ಮಣ್ಣಿಗೆ ಬಿದ್ದರೆ ಮಾತ್ರ ಅದು ಮೊಳೆಯಬಹುದಿತ್ತು.

ಮೊದಲ ಬೆಟ್ಟದ ನೆತ್ತಿಯಲ್ಲಿ ಕಾಲುಚೀಲ ಹೇಳಿತು, "ಇಲ್ಲಿ ಮಣ್ಣು ಮೆತ್ತಗಿದೆ, ತಮ್ಮ. ಉದುರಿಬಿಡು."

"ಅಲ್ಲಿ ನೋಡಕ್ಕ, ಆ ಬೆಟ್ಟ ಇದಕ್ಕಿಂತ ಎತ್ತರ!"

ಆ ಬೆಟ್ಟದ ಮೇಲೆ ಹುಡುಗಿ ಕೂತು ಚಿತ್ರಾನ್ನ ತಿಂದಳು. ಅಷ್ಟು ಹೊತ್ತೂ ಬೀಜಕ್ಕೆ ಚಡಪಡಿಕೆ. "ಇವಳು ಏಳುವುದು ಯಾವಾಗ? ಆಚೆಯದು ಇದಕ್ಕಿಂತ ಹಸಿರಾಗಿದೆ."

"ಇಲ್ಲಿಂದ ನೋಡಿದರೆ ನೀನು ಬಿಟ್ಟುಬಂದದ್ದೂ ಹಸಿರೇ," ಎಂದಿತು ಕಾಲುಚೀಲ.

ಭಾನುವಾರ ಮಧ್ಯಾಹ್ನ ಕೊನೆಯ ನೆತ್ತಿ ಮುಟ್ಟಿದಾಗ ದೂರದಲ್ಲಿ ಗುಡುಗಿತು.

"ಈಗಲಾದರೂ ಉದುರು, ಮಾರಾಯ. ಇನ್ನು ನಾವು ಮನೆಗೆ ಹೋಗುವವರು."

"ಮನೆಯೇ? ಅದನ್ನೂ ಒಂದು ನೋಡಿಬಿಡೋಣ," ಎಂದು ಬೀಜ ಇನ್ನಷ್ಟು ಬಿಗಿಯಾಗಿ ಅಂಟಿಕೊಂಡಿತು.

ಸಂಜೆ ಮನೆ ಸೇರಿದ ಹುಡುಗಿ ಕಾಲುಚೀಲ ಕಳಚಿದಳು, ಬೀಜವನ್ನು ಕಿತ್ತು ಕೆಳಗೆ ಹಾಕಿದಳು. ನೆಲ ನುಣ್ಣಗಿತ್ತು, ಬೇರಿಳಿಸಲು ಒಂದು ಬಿರುಕೂ ಇರಲಿಲ್ಲ. ಕಿಟಕಿಯಾಚೆ ಮೊದಲ ಮಳೆ ಶುರುವಾಯಿತು.

"ಅಕ್ಕಾ, ಇದು ಯಾವ ಬೆಟ್ಟ?"

"ಬೆಟ್ಟವಲ್ಲ, ತಮ್ಮ. ಮೂರನೇ ಮಹಡಿ."